ಸುಮ್ಮನಿರುವ ಫೋನಿನ ಸೋರಿಕೆ

ಆರಿದ್ರಾ ಮಳೆ ಹಿಡಿದ ಮೇಲೆ ಘಟ್ಟದ ಊರುಗಳಲ್ಲಿ ವಿದ್ಯುತ್ತು ಹೋಗುವುದು ಸುದ್ದಿಯೇ ಅಲ್ಲ, ಬಂದರೆ ಸುದ್ದಿ. ಗಾಳಿಗೆ ಮರ ಉರುಳಿ ತಂತಿ ಹರಿದರೆ ಕಾಡಿನೊಳಗಿನ ಒಂಟಿ ಮನೆಗಳಿಗೆ ಬೆಳಕು ಮರಳಲು ಎರಡು ದಿನವೂ ಹಿಡಿಯಬಹುದು, ವಾರವೂ ಹಿಡಿಯಬಹುದು. ಮೋಡ ಮುಸುಕಿದ ದಿನಗಳಲ್ಲಿ ಸೌರದೀಪವೂ ಮಂಕು. ಇಂಥ ರಾತ್ರಿಗಳಲ್ಲಿ ಕಿಟಕಿಯ ದಂಡೆಯ ಮೇಲೆ, ಸಿಗ್ನಲ್ ಸಿಗುವ ಆ ಒಂದೇ ಗೇಣು ಜಾಗದಲ್ಲಿ ಇರಿಸಿದ ಸ್ಮಾರ್ಟ್‌ಫೋನನ್ನು ಯಾರೂ ಮುಟ್ಟಿರುವುದಿಲ್ಲ. ಆದರೂ ಬೆಳಗಾಗುವಷ್ಟರಲ್ಲಿ ಅದರ ಬ್ಯಾಟರಿ ಅರ್ಧಕ್ಕಿಳಿದಿರುತ್ತದೆ. ಯಾರೂ ಮಾತಾಡಲಿಲ್ಲ, ಯಾರೂ ಚಿತ್ರ ನೋಡಲಿಲ್ಲ. ತುಂಬಿಸಿಟ್ಟ ವಿದ್ಯುತ್ತು ಹೋದದ್ದೆಲ್ಲಿಗೆ?

ಪ್ರಶ್ನೆ ಕ್ಷುಲ್ಲಕವೆಂದು ತೋರಬಹುದು. ಅರಣ್ಯ, ನದಿ, ಗಣಿಗಳ ಚರ್ಚೆಗೆ ಮೀಸಲಾದ ಪುಟದಲ್ಲಿ ಫೋನಿನ ಬ್ಯಾಟರಿಗೇನು ಕೆಲಸವೆಂದು ಕೇಳುವವರೂ ಇದ್ದಾರು. ಆದರೆ 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದುದನ್ನೂ, 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜರಿದುದನ್ನೂ, ಅದೇ ತಿಂಗಳ 30ರಂದು ವಯನಾಡಿನ ಊರುಗಳು ಕೊಚ್ಚಿಹೋದುದನ್ನೂ ಕಂಡವರಿಗೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ. ಒಂದು ಕಾಲಕ್ಕೆ ಮನೆಯ ಸ್ಥಿರ ದೂರವಾಣಿಗೆ ಬೇಕಾದ ವಿದ್ಯುತ್ತು ದೂರವಾಣಿ ಕೇಂದ್ರದ ಬ್ಯಾಟರಿಗಳಿಂದ ತಂತಿಯ ಮೂಲಕವೇ ಬರುತ್ತಿತ್ತು. ಊರಿಗೆ ಕರೆಂಟಿಲ್ಲದಿದ್ದರೂ ಅದರ ಗಂಟೆ ಬಾರಿಸುತ್ತಿತ್ತು. ಆ ಸಂಪರ್ಕಗಳು ಬಹುಪಾಲು ಮನೆಗಳಿಂದ ಮರೆಯಾಗಿವೆ. ಆಂಬುಲೆನ್ಸ್ ಕರೆಯುವುದಕ್ಕೂ, ಹಾವು ಕಚ್ಚಿದವರನ್ನು ಯಾವ ಊರಿಗೆ ಒಯ್ಯಬೇಕೆಂದು ಕೇಳುವುದಕ್ಕೂ, ಮೇಲಿನ ಗುಡ್ಡ ಬಿರುಕುಬಿಟ್ಟ ಸುದ್ದಿಯನ್ನು ಕೆಳಗಿನ ಕೇರಿಗೆ ಮುಟ್ಟಿಸುವುದಕ್ಕೂ ಈಗ ಉಳಿದಿರುವುದು ಕಿಟಕಿಯ ದಂಡೆಯ ಮೇಲಿನ ಆ ಫೋನೊಂದೇ.

ಪರದೆ ಆರಿದ ಮಾತ್ರಕ್ಕೆ ಫೋನು ನಿದ್ರಿಸುವುದಿಲ್ಲ. ಅದರೊಳಗಿನ ರೇಡಿಯೋ ಭಾಗವು ಸಮೀಪದ ಗೋಪುರದ ಸಂಕೇತಕ್ಕೆ ಆಗಾಗ ಕಿವಿಗೊಡುತ್ತ, ಕರೆ ಬಂದಿದೆಯೇ ಎಂದು ನೋಡಿಕೊಳ್ಳುತ್ತಿರುತ್ತದೆ. ಸಂಕೇತ ಬಲವಾಗಿರುವ ಪಟ್ಟಣದಲ್ಲಿ ಈ ಕೆಲಸಕ್ಕೆ ತಗಲುವ ವಿದ್ಯುತ್ತು ಅತ್ಯಲ್ಪ. ಕಣಿವೆಯ ಊರಿನ ಸ್ಥಿತಿ ಬೇರೆ. ಗುಡ್ಡದ ಮರೆಯೂ ಮಳೆಯಲ್ಲಿ ತೊಯ್ದ ಮರಗಳ ದಟ್ಟಣೆಯೂ ಸಂಕೇತವನ್ನು ಕುಗ್ಗಿಸುತ್ತವೆ. ಸಂಪರ್ಕ ಕಡಿದಾಗ ಫೋನು ಒಂದಾದ ಮೇಲೊಂದು ತರಂಗಪಟ್ಟಿಯನ್ನು ತಡಕಾಡುತ್ತ ಗೋಪುರವನ್ನು ಅರಸುತ್ತದೆ. ಸಿಕ್ಕೊಡನೆ ತನ್ನ ಇರುವನ್ನು ನೋಂದಾಯಿಸಲು ಸಂದೇಶ ಕಳಿಸುತ್ತದೆ. ಸಂಕೇತ ಕ್ಷೀಣವಾಗಿದ್ದಷ್ಟೂ ಆ ಸಂದೇಶವನ್ನು ಹೆಚ್ಚಿನ ಶಕ್ತಿಯಿಂದ ಕಳಿಸಬೇಕಾಗುತ್ತದೆ. ಮತ್ತೆ ಕಡಿಯುತ್ತದೆ, ಮತ್ತೆ ಅರಸುತ್ತದೆ. ಎರಡು ಸಿಮ್ ಇದ್ದು ಎರಡಕ್ಕೂ ನೆಟ್‌ವರ್ಕ್ ಕೊಂಚಕೊಂಚವೇ ಸಿಗುತ್ತಿದ್ದರೆ ಈ ಹುಡುಕಾಟವೂ ಎರಡು ಪಾಲು. ಸರಿಯಾದ ಗೋಪುರವಿಲ್ಲದ ಊರಿನವನು ಕರೆ ಕಡಿದುಹೋಗುವ ಕಷ್ಟವನ್ನಷ್ಟೇ ಅಲ್ಲ, ಬ್ಯಾಟರಿ ಬರಿದಾಗುವ ದಂಡವನ್ನೂ ತೆರುತ್ತಿದ್ದಾನೆ.

ಎರಡನೆಯ ಸೋರಿಕೆ ಮನುಷ್ಯರ ಕೈವಾಡದ್ದು. ಫೋನಿನೊಳಗೆ ನೆಲೆಸಿರುವ ಆ್ಯಪ್‌ಗಳು ಮಾಲೀಕನ ಅಪ್ಪಣೆಗೆ ಕಾಯುವುದಿಲ್ಲ. ಸುದ್ದಿ ತರಿಸುವುದು, ಚಿತ್ರಗಳನ್ನು ದೂರದ ಸರ್ವರಿಗೆ ಏರಿಸುವುದು, ಜಾಹೀರಾತನ್ನು ಹೊಸದಾಗಿಸುವುದು, ಫೋನು ಎಲ್ಲಿದೆಯೆಂದು ವರದಿಯೊಪ್ಪಿಸುವುದು ಇವೆಲ್ಲ ತೆರೆಮರೆಯಲ್ಲಿ ನಡೆಯುತ್ತವೆ. ಪ್ರತಿಯೊಂದು ಕೆಲಸಕ್ಕೂ ಮಲಗಿದ್ದ ಸಂಸ್ಕಾರಕ ಎಚ್ಚೆತ್ತು, ರೇಡಿಯೋ ಚಾಲೂ ಆಗಿ, ಕೆಲಸ ಮುಗಿದ ಮೇಲೂ ಕೆಲವು ಕ್ಷಣ ಎಚ್ಚರದಲ್ಲಿಯೇ ಉಳಿಯುತ್ತದೆ. ಈ ಉಪದ್ರವವನ್ನು ಬಲ್ಲ ಗೂಗಲ್ ಸಂಸ್ಥೆಯೇ 2015ರಲ್ಲಿ ಆಂಡ್ರಾಯ್ಡ್ 6ರ ಮೂಲಕ ‘ಡೋಜ್’ ಎಂಬ ವ್ಯವಸ್ಥೆಯನ್ನು ತಂದಿತು. ಪರದೆ ಆರಿ, ಅಲುಗದೆ, ಚಾರ್ಜರಿಗೆ ಸಿಕ್ಕಿಸದೆ ಬಿದ್ದಿರುವ ಫೋನಿನಲ್ಲಿ ಆ್ಯಪ್‌ಗಳನ್ನೆಲ್ಲ ತಡೆಹಿಡಿದು, ಅಂತರ ಹೆಚ್ಚಿಸುತ್ತ ಹೋಗಿ ಆಗೊಮ್ಮೆ ಈಗೊಮ್ಮೆ ಮಾತ್ರ ಅವಕಾಶ ಕೊಡುವ ವ್ಯವಸ್ಥೆಯಿದು. 2018ರ ಆಂಡ್ರಾಯ್ಡ್ 9, ಅಪರೂಪಕ್ಕೆ ಬಳಸುವ ಆ್ಯಪ್‌ಗಳನ್ನು ಗುರುತಿಸಿ ಅವುಗಳ ಹಿನ್ನೆಲೆ ಕೆಲಸಕ್ಕೆ ಇನ್ನಷ್ಟು ಕಡಿವಾಣ ಹಾಕಿತು. ಆದರೂ ‘ಈ ಆ್ಯಪಿಗೆ ಬ್ಯಾಟರಿಯ ನಿರ್ಬಂಧ ಬೇಡ’ ಎಂಬ ಕೋರಿಕೆಗೆ ಓದದೆಯೇ ಒಪ್ಪಿಗೆ ಒತ್ತಿದವರ ಫೋನಿನಲ್ಲಿ ಆ ಕಡಿವಾಣ ಸಡಿಲವಾಗಿಯೇ ಉಳಿಯುತ್ತದೆ.

ಪರಿಹಾರ ಕಷ್ಟದ್ದಲ್ಲ, ಖರ್ಚಿನದೂ ಅಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿಯ ವಿಭಾಗ ತೆರೆದರೆ ಯಾವ ಆ್ಯಪ್ ಎಷ್ಟು ವಿದ್ಯುತ್ತು ತಿಂದಿದೆಯೆಂಬ ಪಟ್ಟಿ ಅಲ್ಲಿಯೇ ಇರುತ್ತದೆ. ತೆರೆಯದೆಯೇ ಪಟ್ಟಿಯ ಮೇಲ್ಭಾಗಕ್ಕೆ ಬಂದ ಆ್ಯಪಿನ ಹಿನ್ನೆಲೆ ಚಟುವಟಿಕೆಯನ್ನು ನಿರ್ಬಂಧಿಸಬೇಕು; ಬೇಡವಾದುದನ್ನು ಅಳಿಸಿಬಿಡುವುದು ಇನ್ನೂ ಮೇಲು. ಸ್ಥಳ ತಿಳಿಯುವ ಅನುಮತಿಯನ್ನು ‘ಬಳಸುವಾಗ ಮಾತ್ರ’ ಎಂಬಲ್ಲಿಗೆ ಇಳಿಸಬೇಕು. ಭಾರತದಲ್ಲಿ 5ಜಿ ಸೇವೆ ಆರಂಭವಾದುದು 2022ರ ಅಕ್ಟೋಬರಿನಲ್ಲಿ. ಅದು ತಲುಪದ ಊರಿನಲ್ಲಿ ಫೋನನ್ನು 4ಜಿಗೆ ನಿಲ್ಲಿಸಿಕೊಂಡರೆ ಸಿಗದುದನ್ನು ಅರಸುವ ಕೆಲಸ ತಪ್ಪುತ್ತದೆ. ಸಂಕೇತವೇ ಸಿಗದ ಎರಡನೆಯ ಸಿಮ್ಮನ್ನು ಆರಿಸಿಡಬಹುದು. ಸದಾ ಗಡಿಯಾರ ತೋರಿಸುವ ಪರದೆ, ಎತ್ತಿದೊಡನೆ ಬೆಳಗುವ ಪರದೆ ಇವುಗಳ ಅಗತ್ಯವಿದೆಯೇ ಎಂದು ಒಮ್ಮೆ ಕೇಳಿಕೊಳ್ಳಬಹುದು. ಕರೆಂಟು ಹೋದ ಕ್ಷಣದಿಂದಲೇ, ಬ್ಯಾಟರಿ ಕೆಂಪಾಗುವವರೆಗೆ ಕಾಯದೆ, ಮಿತವ್ಯಯದ ‘ಬ್ಯಾಟರಿ ಸೇವರ್’ ಕ್ರಮವನ್ನು ಚಾಲೂ ಮಾಡುವುದು ಜಾಣತನ.

ಇದರೊಂದಿಗೆ ಎರಡು ತಪ್ಪು ನಂಬಿಕೆಗಳನ್ನೂ ಬಿಡಬೇಕಾಗಿದೆ. ಇತ್ತೀಚೆಗೆ ಬಳಸಿದ ಆ್ಯಪ್‌ಗಳನ್ನೆಲ್ಲ ಗಳಿಗೆಗೊಮ್ಮೆ ಸರಿಸಿ ಮುಚ್ಚುವುದರಿಂದ ಉಳಿತಾಯವಾಗುವುದಿಲ್ಲ. ಮುಚ್ಚಿದುದನ್ನು ಮೊದಲಿನಿಂದ ತೆರೆಯಲು ಹೆಚ್ಚು ವಿದ್ಯುತ್ತು ಬೇಕಾಗುವುದುಂಟು. ಬ್ಯಾಟರಿ ಉಳಿಸಿಕೊಡುತ್ತೇವೆಂದು ಬರುವ ಹೆಚ್ಚುವರಿ ಆ್ಯಪ್‌ಗಳಾದರೋ ಬಹಳಷ್ಟು ಸಲ ತಾವೇ ಜಾಹೀರಾತು ತರಿಸುತ್ತ ಬೇಲಿಯೇ ಎದ್ದು ಹೊಲ ಮೇಯ್ದ ಕಥೆಯಾಗುತ್ತವೆ.

ಒಂದು ಎಚ್ಚರಿಕೆ ಮಾತ್ರ ಮಲೆನಾಡಿಗರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಬ್ಯಾಟರಿ ಉಳಿಸಲು ಅತ್ಯಂತ ಸುಲಭದ ದಾರಿಯೆಂದರೆ ರಾತ್ರಿ ‘ಏರೋಪ್ಲೇನ್ ಮೋಡ್’ ಹಾಕಿ ರೇಡಿಯೋವನ್ನೇ ಮೌನಗೊಳಿಸುವುದು. ಬೇಸಿಗೆಯಲ್ಲಿ ಇದು ಸರಿ. ಆದರೆ ಗೋಪುರದ ವ್ಯಾಪ್ತಿಯಲ್ಲಿರುವ ಫೋನುಗಳಿಗೆಲ್ಲ ಏಕಕಾಲಕ್ಕೆ ವಿಪತ್ತಿನ ಸೂಚನೆ ಕಳಿಸುವ ‘ಸೆಲ್ ಬ್ರಾಡ್‌ಕಾಸ್ಟ್’ ವ್ಯವಸ್ಥೆಯನ್ನು 2023ರಲ್ಲಿ ಕರ್ನಾಟಕವೂ ಸೇರಿದಂತೆ ದೇಶದ ಹಲವೆಡೆ ಪರೀಕ್ಷಿಸಲಾಯಿತು. ಅಂಥ ಸೂಚನೆ ಇಂಟರ್ನೆಟ್ ಇಲ್ಲದಿದ್ದರೂ ಮುಟ್ಟುತ್ತದೆ. ರೇಡಿಯೋ ಆರಿಸಿದ ಫೋನಿಗೆ ಮುಟ್ಟುವುದಿಲ್ಲ. ಆದುದರಿಂದ ಭಾರಿ ಮಳೆಯ ರಾತ್ರಿಗಳಲ್ಲಿ ಇಳಿಜಾರಿನ ಮನೆಗಳಲ್ಲಿ ಒಂದು ಫೋನಾದರೂ ಎಚ್ಚರವಿರಬೇಕು, ಉಳಿದವು ಮಲಗಲಿ. ಎಚ್ಚರವಿರುವ ಫೋನಿನಲ್ಲಿ ಇಂಟರ್ನೆಟ್ ಆರಿಸಿದರೂ ಕರೆಗೂ ಸೂಚನೆಗೂ ಅಡ್ಡಿಯಿಲ್ಲ. ತನ್ನ ಕಂಪನಿಯ ಸಂಕೇತ ಸಿಗದಿದ್ದರೂ ಬೇರೊಂದು ಕಂಪನಿಯ ಗೋಪುರವಿದ್ದರೆ 112ಕ್ಕೆ ಕರೆ ಹೋಗಬಹುದೆಂಬುದನ್ನೂ ಮನೆಮಂದಿಯೆಲ್ಲ ಅರಿತಿರಬೇಕು.

ಇನ್ನು ಪರಿಸರದ ಲೆಕ್ಕ. ಶರಾವತಿ, ಕಾಳಿ, ವಾರಾಹಿಗಳ ಕಣಿವೆ ಮುಳುಗಿದ್ದನ್ನು ಕಂಡ ಜನರಿಗೆ ಪೋಲಾಗುವ ಪ್ರತಿ ಯೂನಿಟ್ಟಿನಲ್ಲೂ ಒಂದು ಅಣೆಕಟ್ಟು ಕಾಣಿಸುವುದು ಸಹಜ. ಆದರೆ ಲೆಕ್ಕ ಪ್ರಾಮಾಣಿಕವಾಗಿರಬೇಕು. ಇಂದಿನ ಸಾಮಾನ್ಯ ಫೋನಿನ 5,000 ಮಿಲಿಆಂಪ್-ಅವರ್ ಬ್ಯಾಟರಿ ಹಿಡಿಯುವುದು ಸುಮಾರು 19 ವ್ಯಾಟ್-ಅವರ್ ಮಾತ್ರ. ದಿನಕ್ಕೆ ಶೇಕಡಾ 30ರಷ್ಟು ಸುಮ್ಮನೆ ಸೋರಿಹೋದರೂ, ಚಾರ್ಜರಿನ ನಷ್ಟವನ್ನು ಸೇರಿಸಿಕೊಂಡು, ವರ್ಷಕ್ಕೆ ಎರಡು-ಮೂರು ಯೂನಿಟ್ಟು. ಮನೆಯ ಫ್ರಿಜ್ಜು ನಾಲ್ಕೈದು ದಿನಗಳಲ್ಲಿ ಅಷ್ಟನ್ನು ಬಳಸುತ್ತದೆ. ಇದನ್ನು ಉಳಿಸಿ ನದಿಯನ್ನು ಉಳಿಸಿದೆವೆಂದು ಹೇಳಿಕೊಳ್ಳುವುದು ಆತ್ಮವಂಚನೆಯಾದೀತು.

ನಿಜವಾದ ನಷ್ಟ ಬೇರೆಡೆಯಿದೆ. ಲಿಥಿಯಂ ಬ್ಯಾಟರಿಯ ಆಯುಷ್ಯವನ್ನು ಅಳೆಯುವುದು ಅದು ಎಷ್ಟು ಸಲ ಪೂರ್ತಿ ಬರಿದಾಗಿ ತುಂಬಿತೆಂಬುದರಿಂದ. ಹಲವು ಬ್ಯಾಟರಿಗಳು 500ರಿಂದ 800 ಆವರ್ತಗಳಾಗುವಷ್ಟರಲ್ಲಿ ಮೂಲ ಸಾಮರ್ಥ್ಯದ ಶೇಕಡಾ 80ಕ್ಕೆ ಇಳಿಯುತ್ತವೆ. ದಿನಕ್ಕೆ ಶೇಕಡಾ 30ರ ಸೋರಿಕೆಯೆಂದರೆ ವರ್ಷಕ್ಕೆ ಸುಮಾರು 110 ಪೂರ್ಣ ಆವರ್ತಗಳು, ಅದೂ ಯಾರಿಗೂ ಏನೂ ಉಪಯೋಗವಾಗದೆ. ಅದನ್ನು ಶೇಕಡಾ 10ಕ್ಕೆ ಇಳಿಸಿದರೆ 36 ಆವರ್ತಗಳು ಸಾಕು. ಎರಡು-ಮೂರು ವರ್ಷಗಳಲ್ಲಿ ಈ ವ್ಯತ್ಯಾಸವೇ ‘ಬ್ಯಾಟರಿ ನಿಲ್ಲುತ್ತಿಲ್ಲ, ಫೋನು ಬದಲಿಸೋಣ’ ಎಂಬ ಮಾತನ್ನು ಬೇಗ ಆಡಿಸುತ್ತದೆ ಅಥವಾ ಮುಂದಕ್ಕೆ ಹಾಕುತ್ತದೆ. ಒಲೆಯ ಬಳಿ, ಬಿಸಿಲಿಗೆ ಒಡ್ಡಿದ ವಾಹನದೊಳಗೆ ಇಟ್ಟರೆ ಸವೆತ ಇನ್ನೂ ಹೆಚ್ಚು; ರಾತ್ರಿಯಿಡೀ ನೂರಕ್ಕೆ ತುಂಬಿಸಿಯೇ ಇಡುವುದಕ್ಕಿಂತ 80ಕ್ಕೆ ನಿಲ್ಲಿಸುವುದು ಬ್ಯಾಟರಿಗೆ ಹಿತ. ಕರೆಂಟು ನಂಬಲಾಗದ ಮಳೆಗಾಲದಲ್ಲಿ ಮಾತ್ರ ಪೂರ್ತಿ ತುಂಬಿಸಿಕೊಳ್ಳುವುದೇ ಸರಿ.

ಫೋನೊಂದು ತನ್ನ ಜೀವಮಾನದಲ್ಲಿ ಹೊರಿಸುವ ಇಂಗಾಲದ ಭಾರದ ಬಹುಪಾಲು ಅದು ಅಂಗಡಿಗೆ ಬರುವ ಮೊದಲೇ, ಗಣಿಯಲ್ಲಿ ಮತ್ತು ಕಾರ್ಖಾನೆಯಲ್ಲಿ, ಸೇರಿಕೊಂಡಿರುತ್ತದೆ. ಜಗತ್ತಿನ ಕೋಬಾಲ್ಟಿನ ಹೆಚ್ಚಿನ ಪಾಲನ್ನು ಅಗೆಯುತ್ತಿರುವುದು ಆಫ್ರಿಕಾದ ಕಾಂಗೋದಲ್ಲಿ. ಅಲ್ಲಿನ ಗುಂಡಿಗಳಲ್ಲಿ ಮಕ್ಕಳೂ ದುಡಿದಿರುವುದು ಜಗಜ್ಜಾಹೀರು. ಚಿಲಿಯ ಅಟಕಾಮಾ ಮರುಭೂಮಿಯಲ್ಲಿ ಲಿಥಿಯಮ್ಮಿಗಾಗಿ ಉಪ್ಪುನೀರನ್ನು ಎತ್ತಿ ಆವಿಯಾಗಿಸುತ್ತಾರೆ. ಆ ಗಣಿಗಳು ದೂರದವೆಂದು ಕರ್ನಾಟಕ ಸುಮ್ಮನಿರುವಂತಿಲ್ಲ: ಮಂಡ್ಯ ಜಿಲ್ಲೆಯ ಮಾರ್ಲಗಲ್ಲ–ಅಲ್ಲಾಪಟ್ಟಣ ಪ್ರದೇಶದಲ್ಲಿ 1,600 ಟನ್ ಲಿಥಿಯಂ ನಿಕ್ಷೇಪದ ಅಂದಾಜನ್ನು 2021ರಲ್ಲಿ ಪ್ರಕಟಿಸಲಾಯಿತು. ಬಳಸಿ ಬಿಸುಟ ಕಡೆಯ ಲೆಕ್ಕವೂ ಗಂಭೀರವೇ. 2022ರಲ್ಲಿ ಜಗತ್ತು 6.2 ಕೋಟಿ ಟನ್ ಇ-ತ್ಯಾಜ್ಯ ಸೃಷ್ಟಿಸಿತೆಂದೂ, ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದ ದಾಖಲೆಯಿರುವುದು ಶೇಕಡಾ 22.3ಕ್ಕೆ ಮಾತ್ರವೆಂದೂ ವಿಶ್ವಸಂಸ್ಥೆಯ ಅಂಗಸಂಸ್ಥೆಗಳ 2024ರ ವರದಿ ಹೇಳುತ್ತದೆ. ಘಟ್ಟದ ಮೇಲೆ ಬೆಟ್ಟ ಅಗೆಯುವುದನ್ನು ವಿರೋಧಿಸುವವರು, ಬೇರೊಬ್ಬರ ಬೆಟ್ಟ ಅಗೆದು ತಂದುದನ್ನು ಎರಡು ವರ್ಷಕ್ಕೊಮ್ಮೆ ಎಸೆಯುತ್ತಿದ್ದರೆ ಆ ವಿರೋಧಕ್ಕೆ ಬಲವೆಲ್ಲಿಯದು?

ಹಾಗೆಂದು ಭಾರವನ್ನೆಲ್ಲ ಬಳಕೆದಾರನ ತಲೆಯ ಮೇಲೆ ಹೊರಿಸುವುದೂ ನ್ಯಾಯವಲ್ಲ. ಆರಿಸಿದ ಮೇಲೂ ವಿದ್ಯುತ್ತು ಹೀರುತ್ತಿದ್ದ ಟಿ.ವಿ.ಯಂಥ ಯಂತ್ರಗಳ ಸೋರಿಕೆಯನ್ನು ಒಂದು ವ್ಯಾಟಿಗೆ ಇಳಿಸಬೇಕೆಂದು ಅಂತಾರಾಷ್ಟ್ರೀಯ ಇಂಧನ ಸಂಸ್ಥೆ 1999ರಲ್ಲಿ ಮುಂದಿಟ್ಟ ಯೋಜನೆ ಹಲವು ದೇಶಗಳಲ್ಲಿ ನಿಯಮವಾಯಿತು. ಪ್ಲಗ್ ಕೀಳಿರೆಂಬ ಉಪದೇಶಕ್ಕಿಂತ ಅದು ಹೆಚ್ಚು ಫಲ ಕೊಟ್ಟಿತು. 2025ರ ಜೂನ್ 20ರಿಂದ ಐರೋಪ್ಯ ಒಕ್ಕೂಟದಲ್ಲಿ ಮಾರುವ ಹೊಸ ಫೋನಿನ ಬ್ಯಾಟರಿ 800 ಆವರ್ತಗಳ ನಂತರವೂ ಶೇಕಡಾ 80 ಸಾಮರ್ಥ್ಯ ಉಳಿಸಿಕೊಂಡಿರಬೇಕೆಂಬ, ಮಾರಾಟ ನಿಂತ ಮೇಲೂ ಏಳು ವರ್ಷ ಮುಖ್ಯ ಬಿಡಿಭಾಗಗಳು ದೊರೆಯಬೇಕೆಂಬ ನಿಯಮ ಜಾರಿಗೆ ಬಂದಿದೆ. ಭಾರತವೂ 2022ರಲ್ಲಿ ಬ್ಯಾಟರಿ ತ್ಯಾಜ್ಯ ನಿಯಮಗಳನ್ನು ರೂಪಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ‘ರಿಪೇರಿಯ ಹಕ್ಕು’ ಕುರಿತ ಜಾಲತಾಣವನ್ನು ತೆರೆಯಿತು. ಇಷ್ಟು ಸಾಲದು. ಸಾಗರ, ಶಿರಸಿ, ಕೊಪ್ಪಗಳ ರಿಪೇರಿ ಅಂಗಡಿಯಲ್ಲಿ ಅಸಲಿ ಬ್ಯಾಟರಿ ನ್ಯಾಯವಾದ ಬೆಲೆಗೆ ಸಿಗುವಂತಾಗಬೇಕು. ಹಳೆಯ ಬ್ಯಾಟರಿ ಪಡೆದುಕೊಳ್ಳುವ ಡಬ್ಬಿ ತಾಲ್ಲೂಕು ಕೇಂದ್ರದಲ್ಲಾದರೂ ಇರಬೇಕು. ಕಾಡಿಗೆ ಧಕ್ಕೆಯಾಗದಂತೆ, ಊರಿನವರ ಮಾತು ಕೇಳಿ, ಸಂಕೇತ ಸರಿಯಾಗಿ ತಲುಪುವ ಜಾಗದಲ್ಲಿ ಗೋಪುರ ನಿಲ್ಲಬೇಕು. ಕರೆಂಟು ಹೋದಾಗ ಆ ಗೋಪುರಕ್ಕೂ ಬ್ಯಾಟರಿ ಇರಬೇಕು. ಗೋಪುರವೇ ಮೂಕವಾದರೆ ಮನೆಯ ಫೋನಿನಲ್ಲಿ ನೂರಕ್ಕೆ ನೂರು ಚಾರ್ಜಿದ್ದೂ ಫಲವಿಲ್ಲ. ಗ್ರಾಮಸಭೆಗಳಲ್ಲಿ ಎತ್ತಬೇಕಾದ ಪ್ರಶ್ನೆಗಳಿವು.

ಮಳೆಗಾಲಕ್ಕೆ ಮುನ್ನ ಒಡೆದ ಹೆಂಚು ಬದಲಿಸುವುದು, ಸೌದೆ ಒಟ್ಟುವುದು, ಅಡಿಕೆಗೆ ಕೊಟ್ಟೆ ಕಟ್ಟುವುದು ಮಲೆನಾಡಿನ ಮನೆಗಳ ವಾಡಿಕೆ. ಯಾರೂ ಹೇಳಿಕೊಡದೆ, ಸೋರಿದಾಗ ಪಟ್ಟ ಕಷ್ಟದಿಂದಲೇ ಕಲಿತ ವಿವೇಕವದು. ಆ ಪಟ್ಟಿಗೆ ಇನ್ನೊಂದು ಕೆಲಸ ಸೇರಲಿ: ಒಂದು ಸಂಜೆ ಮನೆಯ ಹುಡುಗ-ಹುಡುಗಿಯರನ್ನು ಕೂರಿಸಿಕೊಂಡು ಎಲ್ಲ ಫೋನುಗಳ ಸೋರಿಕೆಯನ್ನೂ ನೋಡಿ ಮುಚ್ಚುವುದು. ಗುಡ್ಡ ಸದ್ದು ಮಾಡುವ ರಾತ್ರಿಯಲ್ಲಿ ಒಂದು ಕರೆಗಾಗುವಷ್ಟು ಚಾರ್ಜು ಉಳಿದಿದ್ದರೆ ಆ ಸಂಜೆ ಸಾರ್ಥಕ.