ದಿನದ ಗಳಿಕೆಯೂ ತಿಂಗಳ ಸಂಬಳವೂ

ಪೀಣ್ಯದಲ್ಲಿಯೋ ಬೊಮ್ಮಸಂದ್ರದಲ್ಲಿಯೋ ಕಾರ್ಖಾನೆಯ ಕೆಲಸವೊಂದು ಕೈಗೆ ಬಂದಿದ್ದರೂ ಅದನ್ನು ಒಲ್ಲದೆ, ಸಾಲದ ಮೇಲೆ ಬೈಕೊಂದನ್ನು ಕೊಂಡು, ಬೆನ್ನಿಗೆ ಚೀಲವೇರಿಸಿ ಊಟ ದಿನಸಿಗಳ ಡೆಲಿವರಿಗೆ ಇಳಿಯತಕ್ಕ ತರುಣರ ವಿಷಯದಲ್ಲಿ ಹಿರಿಯರು ಸಾಮಾನ್ಯವಾಗಿ ಆಡುವ ಮಾತು ನಿಷ್ಠುರವಾದದ್ದು. ಇವರಿಗೆ ಶಿಸ್ತು ಒಗ್ಗುವುದಿಲ್ಲ, ಮೇಲಿನವರ ಮಾತನ್ನು ಇವರು ಸೈರಿಸಲಾರರು, ಸಂಜೆಯಾಗುವುದರೊಳಗೆ ಕೈಯಲ್ಲಿ ಕಾಸು ಆಡಬೇಕೆಂಬುದೊಂದೇ ಇವರ ಹಂಬಲ ಎಂದು ಅವರು ತೀರ್ಮಾನಿಸಿಬಿಡುತ್ತಾರೆ. ಈ ತೀರ್ಮಾನ ಅನ್ಯಾಯದ್ದೆಂಬುದು ನನ್ನ ದೃಢವಾದ ಅಭಿಪ್ರಾಯ. ತರುಣರು ಲೆಕ್ಕ ಹಾಕಿಯೇ ಈ ದಾರಿಯನ್ನು ಹಿಡಿದಿದ್ದಾರೆ. ಆ ಲೆಕ್ಕದಲ್ಲಿ ಕೆಲವು ಬಾಬುಗಳು ಬಿಟ್ಟುಹೋಗಿವೆ ಎಂಬುದೂ, ಹಾಗೆ ಬಿಟ್ಟುಹೋಗುವುದಕ್ಕೆ ಅವರಿಗಿಂತ ಹೆಚ್ಚಾಗಿ ನಮ್ಮ ಉದ್ಯೋಗದಾತರೂ ಸರ್ಕಾರವೂ ಹೊಣೆಗಾರರೆಂಬುದೂ ನಾನು ಇಲ್ಲಿ ನಿವೇದಿಸಬೇಕಾದ ಸಂಗತಿ.

ಒಂದು ಕಾಲದಲ್ಲಿ ಬೆಂಗಳೂರಿಗೆ ಬಂದ ಹಳ್ಳಿಯ ಹುಡುಗನೆದುರು ಇಂಥ ಪ್ರಶ್ನೆ ಏಳುತ್ತಲೇ ಇರಲಿಲ್ಲ. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ಐ.ಟಿ.ಐ., 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಹೀಗೆ ಒಂದರ ಬೆನ್ನಿಗೊಂದು ತಲೆಯೆತ್ತಿದ ಕಾರ್ಖಾನೆಗಳೊಳಗೆ ಅಪ್ರೆಂಟಿಸ್ ಆಗಿ ಕಾಲಿಟ್ಟವನಿಗೆ ಮೊದಮೊದಲು ಸಿಕ್ಕುತ್ತಿದ್ದ ಸಂಬಳ ಅಲ್ಪವಾಗಿದ್ದರೂ, ಅದರ ಹಿಂದೆ ಒಂದು ಬಾಳಿನ ಭರವಸೆ ನಿಂತಿರುತ್ತಿತ್ತು. ಕಾಯಿಲೆಗೆ ಆಸ್ಪತ್ರೆ, ಮಕ್ಕಳಿಗೆ ಶಾಲೆ, ವಯಸ್ಸಾದ ಕಾಲಕ್ಕೆ ಇಡುಗಂಟು ಇವೆಲ್ಲ ಆ ಭರವಸೆಯೊಳಗೆ ಅಡಕವಾಗಿದ್ದುವು. ಇಂದು ಅದೇ ನಗರದ ಕೈಗಾರಿಕಾ ಪ್ರದೇಶಗಳಲ್ಲಿ ತರುಣನಿಗೆ ದೊರೆಯುವ ಕೆಲಸ ಬಹುಮಟ್ಟಿಗೆ ಗುತ್ತಿಗೆದಾರನ ಮೂಲಕ ಬರತಕ್ಕದ್ದು. ನೇಮಕದ ಪತ್ರ ಕೈಗೆ ಬರುವುದು ಅಪರೂಪ; ಎಂಟು ಗಂಟೆಯೆಂದು ಒಪ್ಪಿಕೊಂಡದ್ದು ಹತ್ತಕ್ಕೆ ಏರುತ್ತದೆ; ಖಾಯಂ ಮಾಡಬೇಕಾದ ಹೊತ್ತು ಸಮೀಪಿಸಿದೊಡನೆ ಹೆಸರನ್ನು ತೆಗೆದು ಹಾಕಿ, ಮರುವಾರ ಹೊಸಬನೆಂಬಂತೆ ಸೇರಿಸಿಕೊಳ್ಳುವ ಪದ್ಧತಿಯೂ ಉಂಟು. ಮನೆದೇವರ ಜಾತ್ರೆಗೆ, ರಾಗಿ ಕೊಯ್ಲಿಗೆ, ತಾಯಿಯನ್ನು ಆಸ್ಪತ್ರೆಗೆ ತೋರಿಸುವುದಕ್ಕೆ ಎರಡು ದಿನದ ರಜೆಯನ್ನು ಬೇಡಿ ಸೂಪರ್‌ವೈಸರನ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾದವನಿಗೆ, ಮೊಬೈಲನ್ನು ಒತ್ತಿದರೆ ಲಾಗಿನ್, ಮತ್ತೊಮ್ಮೆ ಒತ್ತಿದರೆ ಲಾಗೌಟ್ ಎಂಬ ಡೆಲಿವರಿಯ ಕೆಲಸ ಸ್ವಾತಂತ್ರ್ಯವಾಗಿ ತೋರಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ನಮ್ಮ ಬೀದಿಯಲ್ಲಿ ಬಾಡಿಗೆಗಿರುವ ಶಿರಾ ಕಡೆಯ ಹುಡುಗನೊಬ್ಬ ಕಳೆದ ಮಳೆಗಾಲದಲ್ಲಿ ಇದೇ ಗೊಂದಲವನ್ನು ಹೊತ್ತು ನನ್ನಲ್ಲಿಗೆ ಬಂದಿದ್ದ. "ಸಾರ್, ಫ್ಯಾಕ್ಟ್ರೀಲಿ ಹದಿನೇಳು ಅಂತಾರೆ, ಕಟ್ಟಾಗಿ ಹದಿನೈದು ಕೈಗೆ ಬರುತ್ತೆ. ಡೆಲಿವರೀಲಿ ನನ್ ಫ್ರೆಂಡಿಗೆ ಇಪ್ಪತ್ತೆಂಟು ಬೀಳ್ತಾ ಇದೆ. ಇದ್ರಲ್ಲಿ ಯೋಚ್ನೆ ಮಾಡೋದೇನಿದೆ?" ಎಂಬುದು ಅವನ ವಾದ. ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಮಗುಚಿ ಇಬ್ಬರೂ ಲೆಕ್ಕಕ್ಕೆ ಕುಳಿತೆವು. ಇನ್ಸೆಂಟಿವ್ ಸೇರಿ ದಿನಕ್ಕೆ 1,100 ರೂಪಾಯಿ, 26 ದಿನಕ್ಕೆ 28,600. ಇದು ಅವನೇ ಕೊಟ್ಟ ಅಂಕಿ. ಅದನ್ನು ಗಳಿಸುವುದಕ್ಕೆ ದಿನಕ್ಕೆ 120 ಕಿಲೋಮೀಟರಾದರೂ ಓಡಿಸಬೇಕೆಂದೂ, ಸಿಗ್ನಲ್ಲುಗಳ ನಡುವೆ ಲೀಟರಿಗೆ 45ಕ್ಕಿಂತ ಹೆಚ್ಚು ಸಿಕ್ಕದೆಂದೂ ಅವನೇ ಹೇಳಿದ. ಲೀಟರಿಗೆ ನೂರು ರೂಪಾಯಿಯನ್ನು ದಾಟಿರುವ ಪೆಟ್ರೋಲಿಗೆ ಅಲ್ಲಿಗೆ ತಿಂಗಳಿಗೆ 7,000ಕ್ಕೂ ಮಿಕ್ಕಿ ಹೋಯಿತು. ಬೈಕಿನ ಕಂತು 3,500, ಇಂಜಿನ್ ಆಯಿಲ್, ಬ್ರೇಕ್ ಶೂ, ಚೈನು, ಟೈರು ಇವಕ್ಕೆ ಸರಾಸರಿ 1,000, ಮೊಬೈಲಿಗೆ 350. ಹಾಳೆಯ ಕೆಳಗೆ ಉಳಿದದ್ದು 16,700ರ ಆಸುಪಾಸು. ವಾಹನದ ವಿಮೆಯನ್ನೂ ಹೊರಗಿನ ಊಟವನ್ನೂ ನಾವು ಇನ್ನೂ ಮುಟ್ಟಿರಲಿಲ್ಲ.

ಆ ಮೇಲೆ ಗಂಟೆಗಳ ಲೆಕ್ಕ. ಡೆಲಿವರಿಯಲ್ಲಿ ಆ ಮೊತ್ತವನ್ನು ಗಳಿಸಲು ಹನ್ನೆರಡು ಗಂಟೆ ರಸ್ತೆಯ ಮೇಲಿರಬೇಕು. ಕಾರ್ಖಾನೆಯದು, ಒಪ್ಪಂದದಂತೆ ನಡೆದರೆ, ಎಂಟು. ಹಾಗೆ ಭಾಗಿಸಿದಾಗ ಒಂದು ಕಡೆ ಗಂಟೆಗೆ 53 ರೂಪಾಯಿಯೂ ಇನ್ನೊಂದು ಕಡೆ 72 ರೂಪಾಯಿಯೂ ಬಂತು. ಇಷ್ಟಲ್ಲದೆ, ಅವನು ಕಟ್ಟಾಗಿ ಹೋಯಿತೆಂದು ಮರುಗಿದ ಹಣದಲ್ಲಿ 1,800 ರೂಪಾಯಿ ಭವಿಷ್ಯನಿಧಿಯಲ್ಲಿ ಅವನ ಹೆಸರಿಗೇ ಜಮೆಯಾಗತಕ್ಕದ್ದು, ಅಷ್ಟೇ ಮೊತ್ತವನ್ನು ಮಾಲೀಕನೂ ನಿಧಿಗೂ ಪಿಂಚಣಿಗೂ ಹಂಚಿ ಕಟ್ಟತಕ್ಕದ್ದು. ಹುಡುಗ ಬಹಳ ಹೊತ್ತು ಹಾಳೆಯನ್ನೇ ನೋಡುತ್ತಿದ್ದು, ಕಡೆಗೆ ಕೇಳಿದ ಪ್ರಶ್ನೆಗೆ ನನ್ನಲ್ಲಿ ಸಿದ್ಧವಾದ ಉತ್ತರವಿರಲಿಲ್ಲ: "ಅವ್ರು ಕಟ್ತಾರೆ ಅಂತ ಏನ್ ಗ್ಯಾರಂಟಿ ಸಾರ್?"

ಈ ಪ್ರಶ್ನೆಯೇ ವಿಷಯದ ತಿರುಳೆಂದು ನಾನು ಭಾವಿಸುತ್ತೇನೆ. ತಿಂಗಳ ಸಂಬಳದ ಕೆಲಸ ಡೆಲಿವರಿಗಿಂತ ಮೇಲೆಂದು ನಾವು ಹೇಳುವುದು, ಕಷ್ಟಕಾಲದಲ್ಲಿ ಅದು ಕೈಹಿಡಿಯುತ್ತದೆಂಬ ನಂಬಿಕೆಯಿಂದ. 1948ರ ಶಾಸನದಿಂದ ಹುಟ್ಟಿದ ಇ.ಎಸ್.ಐ. ವ್ಯವಸ್ಥೆಯಲ್ಲಿ 21,000 ರೂಪಾಯಿ ಮೀರದ ಸಂಬಳದ ಕಾರ್ಮಿಕ ನೂರಕ್ಕೆ 75 ಪೈಸೆಯನ್ನು ಕೊಟ್ಟರೆ ಮಾಲೀಕ 3 ರೂಪಾಯಿ 25 ಪೈಸೆಯನ್ನು ಸೇರಿಸುತ್ತಾನೆ. ಅದಕ್ಕೆ ಪ್ರತಿಯಾಗಿ ಕಾರ್ಮಿಕನಿಗೂ ಅವನ ಸಂಸಾರಕ್ಕೂ ರಾಜಾಜಿನಗರದಂಥ ಇ.ಎಸ್.ಐ. ಆಸ್ಪತ್ರೆಯ ಚಿಕಿತ್ಸೆಯೂ, ವಂತಿಗೆಯ ನಿಯಮಗಳು ಪೂರೈಸಿದ್ದರೆ ಕಾಯಿಲೆಯ ಕಾಲದಲ್ಲಿ ವರ್ಷಕ್ಕೆ 91 ದಿನಗಳವರೆಗೆ ವೇತನದ ನೂರಕ್ಕೆ 70 ಪಾಲೂ, ಕೆಲಸದಲ್ಲಿ ಪೆಟ್ಟಾದರೆ ವಾಸಿಯಾಗುವವರೆಗೆ ನೂರಕ್ಕೆ 90 ಪಾಲೂ ಸಲ್ಲತಕ್ಕವು. ಬೈಕಿನಿಂದ ಬಿದ್ದು ಮೊಣಕಾಲಿನ ಮೂಳೆ ಮುರಿದುಕೊಂಡ ಡೆಲಿವರಿ ಹುಡುಗ ಮೂರು ತಿಂಗಳು ಕೋಣೆಯಲ್ಲಿ ಮಲಗಿರುವಾಗ, ಗಳಿಕೆ ಅದೇ ದಿನ ನಿಂತುಹೋಗುತ್ತದೆ, ಬೈಕಿನ ಕಂತು ಮಾತ್ರ ಐದನೆಯ ತಾರೀಖಿಗೆ ತಪ್ಪದೆ ಬರುತ್ತದೆ. ಖಾಸಗಿ ಬಳಕೆಗೆಂದು ಮಾಡಿಸಿದ ವಾಹನದ ವಿಮೆ ಬಾಡಿಗೆ ದುಡಿಮೆಯ ಕಾಲದ ನಷ್ಟವನ್ನು ತುಂಬಿಕೊಡಲು ನಿರಾಕರಿಸಬಹುದೆಂಬುದು ಅವರಲ್ಲಿ ಅನೇಕರಿಗೆ ಪೆಟ್ಟು ಬಿದ್ದ ಮೇಲೆಯೇ ತಿಳಿಯುತ್ತದೆ. ಆದರೆ ಗುತ್ತಿಗೆದಾರನು ಸಂಬಳದಿಂದ ಹಿಡಿದುಕೊಂಡ ಹಣವನ್ನು ಸರಿಯಾಗಿ ಕಟ್ಟದೆ ಹೋದ ಪಕ್ಷದಲ್ಲಿ, ಕಾರ್ಖಾನೆಯ ಹುಡುಗನ ಗತಿಯೂ ಇದಕ್ಕಿಂತ ಭಿನ್ನವಾಗುವುದಿಲ್ಲ. ಅವನಿಗೆ ಮೇಲಾಗಿ ದಿನವಹಿ ಬೈಗುಳವೂ ಉಂಟು.

ಸ್ವಂತ ದುಡಿಮೆಯೆಂಬ ಹೆಸರಿಗೆ ಯೋಗ್ಯವಾದ ವಾಹನದ ಕೆಲಸ ಇಲ್ಲವೆಂದಲ್ಲ. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಯಶವಂತಪುರದ ಯಾರ್ಡಿನಿಂದಲೋ ಕೆ.ಆರ್. ಮಾರುಕಟ್ಟೆಯಿಂದಲೋ ಸರಕು ತುಂಬಿಕೊಂಡು ಹೋಗುವ ಎಷ್ಟೋ ಮಂದಿ ಮಾಲೀಕ ಚಾಲಕರು ಬಾಳನ್ನು ಕಟ್ಟಿಕೊಂಡಿದ್ದಾರೆ. ಅವರಿಗೆ ಗೊತ್ತಾದ ಅಂಗಡಿಗಳಿವೆ, ಬಾಡಿಗೆಯನ್ನು ಮಾತಾಡಿ ನಿಷ್ಕರ್ಷಿಸುವ ಹಕ್ಕಿದೆ, ಒಬ್ಬ ಗಿರಾಕಿ ತಪ್ಪಿದರೆ ಇನ್ನೊಬ್ಬನುಂಟು. ಆ್ಯಪಿನ ಡೆಲಿವರಿಯಲ್ಲಿ ದರವನ್ನು ನಿಶ್ಚಯಿಸುವವರು ಬೇರೆ, ಇನ್ಸೆಂಟಿವಿನ ಗುರಿಯನ್ನು ವಾರವಾರಕ್ಕೂ ಬದಲಿಸುವವರು ಬೇರೆ. ಗಿರಾಕಿಯ ಒಂದು ದೂರಿನಿಂದ ಐ.ಡಿ. ಬ್ಲಾಕ್ ಆದರೆ, ಮರುದಿನ ಬೆಳಿಗ್ಗೆ ಯಾರ ಬಾಗಿಲನ್ನು ತಟ್ಟಬೇಕೆಂಬುದು ಹುಡುಗನಿಗೆ ತಿಳಿಯದು. ನಷ್ಟವೆಲ್ಲ ತನ್ನದಾಗಿ, ನಿರ್ಧಾರವೆಲ್ಲ ಪರರದಾಗಿರುವ ಈ ದುಡಿಮೆಯನ್ನು ಸ್ವಾವಲಂಬನೆಯೆಂದು ಹೊಗಳುವುದು ನನ್ನಿಂದಾಗದು.

ಆದುದರಿಂದ ಇಂಥ ಆಯ್ಕೆಯ ಮುಂದೆ ನಿಂತ ತರುಣನಿಗೆ ನನ್ನ ಸಲಹೆ ಇಷ್ಟು. ನೇಮಕದ ಪತ್ರವನ್ನೂ, ಭವಿಷ್ಯನಿಧಿಯ ಯು.ಎ.ಎನ್. ಸಂಖ್ಯೆಯನ್ನೂ, ಇ.ಎಸ್.ಐ. ಸಂಖ್ಯೆಯನ್ನೂ ಮೊದಲ ತಿಂಗಳಲ್ಲೇ ಕೊಡುವ ಕೆಲಸ ಸಿಕ್ಕಿದರೆ, ಕೈಗೆ ಬರುವ ಮೊತ್ತ ಡೆಲಿವರಿಯದಕ್ಕಿಂತ ಐದಾರು ಸಾವಿರ ಕಡಿಮೆ ಕಂಡರೂ ಅದನ್ನು ಬಿಡಬಾರದು, ಯು.ಎ.ಎನ್. ದೊರೆತ ಮೇಲೆ ಹಣ ಜಮೆಯಾಗಿದೆಯೇ ಎಂಬುದನ್ನು ಮೊಬೈಲಿನಲ್ಲಿ ತಾನೇ ತಿಂಗಳು ತಿಂಗಳೂ ನೋಡಿಕೊಳ್ಳಬೇಕು. ಇವನ್ನು ಕೊಡಲೊಲ್ಲದ ಗುತ್ತಿಗೆದಾರನ ಕೆಲಸಕ್ಕಿಂತ ಡೆಲಿವರಿಯೇ ವಾಸಿಯೆಂದು ಹೇಳಲು ನನಗೆ ಸಂಕೋಚವಿಲ್ಲ. ಆದರೆ ಅದಕ್ಕೊಂದು ಅವಧಿಯನ್ನು ಮನಸ್ಸಿನಲ್ಲಿ ಗೊತ್ತುಮಾಡಿಕೊಂಡು, ಬೈಕಿನ ಸಾಲ ತೀರುವುದರೊಳಗೆ ಭಾರಿ ವಾಹನದ ಲೈಸೆನ್ಸನ್ನೋ ಕೈಗಾರಿಕಾ ತರಬೇತಿ ಸಂಸ್ಥೆಯ ಕೋರ್ಸನ್ನೋ ಮುಗಿಸಿಕೊಳ್ಳತಕ್ಕದ್ದು; ಇಪ್ಪತ್ತೆರಡರ ಸೊಂಟ ಸಹಿಸುವ ಹನ್ನೆರಡು ಗಂಟೆಯ ಸವಾರಿಯನ್ನು ನಲವತ್ತರ ಸೊಂಟ ಸಹಿಸಲಾರದು.

ಸರ್ಕಾರ ಕೈಕಟ್ಟಿ ಕುಳಿತಿದೆಯೆಂದು ನಾನು ಹೇಳುವುದಿಲ್ಲ. ಇಂಥ ಶಾಸನವನ್ನು 2023ರಲ್ಲಿ ಮೊದಲು ಮಾಡಿದ ರಾಜಸ್ಥಾನದ ಬೆನ್ನಿಗೆ, 2025ರಲ್ಲಿ ಕರ್ನಾಟಕವೂ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಯ ಅಧಿನಿಯಮವನ್ನು ತಂದಿತು. ಕಾರ್ಮಿಕನಿಗೆ ಕೊಡುವ ಪ್ರತಿಯೊಂದು ಪಾವತಿಯ ಮೇಲೆ ನೂರಕ್ಕೆ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಗಳು ಕಟ್ಟಬೇಕೆಂದೂ, ಕೆಲಸದಿಂದ ತೆಗೆಯುವುದಾದರೆ ಕಾರಣವನ್ನು ಬರೆದು ತಿಳಿಸಿ 14 ದಿನಗಳ ನೋಟೀಸನ್ನು ಕೊಡಬೇಕೆಂದೂ ಅದರಲ್ಲಿ ವಿಧಿಸಿದೆ. ಇದು ಮೆಚ್ಚತಕ್ಕ ಕಾರ್ಯವೇ ಸರಿ. ಆ ಶುಲ್ಕದ ಹಣದಿಂದ ಮೊಣಕಾಲು ಮುರಿದವನಿಗೆ ಗುಣವಾಗುವವರೆಗೆ ತಿಂಗಳ ನೆರವು ನೇರವಾಗಿ ಬ್ಯಾಂಕಿನ ಖಾತೆಗೆ ಬರುವಂತೆ ಆ ಅಧಿನಿಯಮದ ಮೇರೆಗಿನ ಕಲ್ಯಾಣ ಮಂಡಲಿಯು ಮಾಡಬೇಕು. ಅದರಷ್ಟೇ ತುರ್ತಾಗಿ, ಕಾರ್ಮಿಕ ಇಲಾಖೆಯೂ ಭವಿಷ್ಯನಿಧಿಯ ಅಧಿಕಾರಿಗಳೂ ಪೀಣ್ಯದ ಗುತ್ತಿಗೆದಾರರ ಹಾಜರಿ ಪುಸ್ತಕಗಳನ್ನು ತೆರೆಸಿ, ಸಂಬಳದಿಂದ ಹಿಡಿದ ಹಣ ಯಾರ ಯಾರ ಹೆಸರಿಗೆ ಜಮೆಯಾಗಿದೆ, ಯಾರದು ಆಗಿಲ್ಲ ಎಂಬುದನ್ನು ಪರಿಶೀಲಿಸಿ, ಆ ಪಟ್ಟಿಯನ್ನು ಕಾರ್ಖಾನೆಯ ಗೇಟಿನ ಬಳಿ ಕನ್ನಡದಲ್ಲಿ ಅಂಟಿಸಬೇಕು.