ಕೂರ್ಮಗಡ ಜಾತ್ರೆ: ದೋಣಿ ಹತ್ತೋ ಮುಂಚೆ ತಲೆ ಎಣಿಸೋರು ಯಾರು?

ಆಡೂರು (ಹಾನಗಲ್): ಪುಷ್ಯ ಹುಣ್ಣಿಮೆಗೆ ಕಾರವಾರ ಹತ್ತಿರದ ಕೂರ್ಮಗಡ ನಡುಗಡ್ಡೆಯಲ್ಲಿ ನರಸಿಂಹ ದೇವರ ಜಾತ್ರೆ. ಕಾಳಿ ನದಿ ಸಮುದ್ರ ಸೇರುವ ಕಡೆ, ಆಮೆ ಬೆನ್ನಿನಂಥ ಗುಡ್ಡ. ಅಲ್ಲಿ ಸೋದೆ ಅರಸರ ಕಾಲದ ಪಾಳುಬಿದ್ದ ಕೋಟೆಯೂ ಇದೆ. ದೇವರು, ಕೋಟೆ, ಸಮುದ್ರ ಮೂರೂ ಒಂದೇ ದಿನ ನೋಡಬಹುದು ಅಂತ ಘಟ್ಟದ ಮೇಲಿನವರೂ ಹೋಗ್ತಾರೆ.

ಆದರೆ ನಮ್ಮ ಜಿಲ್ಲೆಯವರು 2019ರ ಜನವರಿ 21 ಮರೆಯುವಂತಿಲ್ಲ. ಜಾತ್ರೆ ಮುಗಿಸಿ ವಾಪಸ್ ಬರುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಅವರಲ್ಲಿ ಶಿಗ್ಗಾಂವಿ ತಾಲೂಕು ಹೊಸೂರಿನ ಒಂದೇ ಕುಟುಂಬದ ಹಲವರಿದ್ದರು, ಮಕ್ಕಳೂ ಸೇರಿ. ದೋಣಿಯಲ್ಲಿ ಜನ ಜಾಸ್ತಿ ಇದ್ದರು, ಹೆಚ್ಚಿನವರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ ಎಂದು ಆಗ ವರದಿಯಾಗಿತ್ತು.

ಹುಣ್ಣಿಮೆಗೆ ಸಮುದ್ರದ ಭರತ-ಇಳಿತ ಜೋರು. ಹೊಳೆ ನೀರು, ಕಡಲ ಅಲೆ ಎದುರಾಗುವ ಅಳಿವೆ ಬೇರೆ. ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ. ಜಾತ್ರೆ ಜನ ಒಟ್ಟಿಗೆ ವಾಪಸ್ ಹೊರಡೋದೂ ಅದೇ ಹೊತ್ತಿಗೆ. ಆಗ "ಇನ್ನಿಬ್ಬರು ಹತ್ತಿ" ಅನ್ನೋದೇ ಅಪಾಯ. ಕ್ರೂಸರ್‌ನಲ್ಲಿ ಹೊಂದಿಸಿಕೊಂಡು ಕೂತ ಹಾಗೆ ದೋಣಿಯಲ್ಲಿ ಆಗೋದಿಲ್ಲ. ನಾಲ್ಕು ಜನ ಎದ್ದು ಒಂದೇ ಬದಿಗೆ ಸರಿದರೂ ತೂಕ ತಪ್ಪುತ್ತದೆ. ಕೆರೆಯಲ್ಲಿ ಈಜು ಕಲಿತವರಿಗೆ ಇದರ ಅಂದಾಜು ಇರೋದಿಲ್ಲ.

2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ಮುಳಬಾಗಿಲು ಕಡೆಯ ನಾಲ್ವರು ವಿದ್ಯಾರ್ಥಿನಿಯರು ಅಲೆಗೆ ಸಿಕ್ಕು ತೀರಿಕೊಂಡರು. ಆಮೇಲೆ ಕಡಲತೀರ ಬಂದ್ ಆಯಿತು. ಸಾವಾದ ಮೇಲೆ ಬಂದ್, ಸ್ವಲ್ಪ ದಿನಕ್ಕೆ ಮತ್ತೆ ಓಪನ್. ಇದರಿಂದ ಜೀವ ಉಳಿಯೋದಿಲ್ಲ. ಜಾತ್ರೆ ದಿನ ದೋಣಿ ಹತ್ತುವ ಜಾಗದಲ್ಲೇ ಅಧಿಕಾರಿ ನಿಂತು ತಲೆ ಎಣಿಸಿ, ಜಾಕೆಟ್ ಹಾಕಿದ ಮೇಲೆಯೇ ದೋಣಿ ಬಿಡಬೇಕು. ನಡುಗಡ್ಡೆ ಕಡೆಯಿಂದ ವಾಪಸ್ ಬರುವಾಗಲೂ ಅಷ್ಟೇ, ಯಾಕೆಂದರೆ 2019ರಲ್ಲಿ ಮುಳುಗಿದ್ದು ವಾಪಸ್ ಬರುವ ದೋಣಿ.

ಅಲ್ಲಿನ ಆಡಳಿತ ಮಾಡೋ ತನಕ ಇಲ್ಲಿಂದ ಗಾಡಿ ಮಾಡಿಕೊಂಡು ಹೋಗೋರು ಕಾಯಬೇಕಾಗಿಲ್ಲ. ದೋಣಿಗೆ ಎಷ್ಟು ಜನ ಅಂತ ಮೊದಲು ಕೇಳಿ. ಜಾಕೆಟ್ ಮೂಲೆಯಲ್ಲಿ ರಾಶಿ ಬಿದ್ದಿದ್ದರೆ ಸಾಲದು, ಮೈಮೇಲೆ ಇರಬೇಕು, ಮಕ್ಕಳ ಅಳತೆಯದೂ ಬೇಕು. ಮನೆಮಂದಿ ಎಲ್ಲ ಒಂದೇ ದೋಣಿಗೆ ತುಂಬಿಕೊಳ್ಳಬೇಡಿ. ಜನ ಜಾಸ್ತಿ ಅನ್ನಿಸಿದರೆ ಇಳಿದು ಮುಂದಿನ ದೋಣಿಗೆ ಕಾಯಿರಿ. ಅಂಗಡಿ ಬಾಗಿಲು ತೆಗೆಯೋದು ಒಂದು ದಿನ ತಡವಾದರೂ ನಡೆಯುತ್ತದೆ.