ಒಂದು ಹಳ್ಳಿ ಸಾಕು

ಮೇಜಿನ ಸುತ್ತ ನಾಲ್ಕೈದು ಜನ ಕುಳಿತಿರುತ್ತಾರೆ. ಮುಂದೆ ಕಾಗದ, ಪೆನ್ಸಿಲು, ಕೆಲವು ದಾಳಗಳು. ಒಬ್ಬನು ಸೂತ್ರಧಾರ, ಉಳಿದವರು ಯೋಧ, ಮಾಂತ್ರಿಕ, ಕಳ್ಳ ಎಂದು ಒಂದೊಂದು ಪಾತ್ರವನ್ನು ವಹಿಸಿಕೊಂಡವರು. “ಎದುರಿಗೆ ಹಾಳುಬಿದ್ದ ಕೋಟೆಯಿದೆ, ಏನು ಮಾಡುವಿರಿ?” ಎಂದು ಸೂತ್ರಧಾರನು ಕೇಳುತ್ತಾನೆ. ಆಟಗಾರರ ಉತ್ತರದಿಂದಲೂ ದಾಳ ಬಿದ್ದ ರೀತಿಯಿಂದಲೂ ಕಥೆ ಮುಂದುವರಿಯುತ್ತದೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಪ್ರಕಟವಾದ ಮೇಲೆ ಈ ಬಗೆಯ ಆಟ ಪ್ರಸಿದ್ಧಿಗೆ ಬಂದಿತು. ಒಂದೇ ಕಥೆ ವಾರವಾರವೂ ಬೆಳೆದು ವರ್ಷಗಟ್ಟಲೆ ನಡೆಯುವುದೂ ಉಂಟು.

ಇಂತಹ ದೀರ್ಘ ಕಥೆಯನ್ನು ಎಲ್ಲಿಂದ ಆರಂಭಿಸಬೇಕು? ಹೊಸ ಸೂತ್ರಧಾರರಲ್ಲಿ ಅನೇಕರು ಜಗತ್ತನ್ನೇ ಸೃಷ್ಟಿಸಲು ಹೊರಡುತ್ತಾರೆ. ಖಂಡಗಳ ನಕ್ಷೆ, ಸಾವಿರ ವರ್ಷಗಳ ರಾಜವಂಶಾವಳಿ, ಹತ್ತಾರು ದೇವತೆಗಳ ಪುರಾಣ ಎಲ್ಲವನ್ನೂ ತಿಂಗಳುಗಟ್ಟಲೆ ಬರೆಯುತ್ತಾರೆ. ಶ್ರಮವೇನೋ ದೊಡ್ಡದೇ, ಆದರೆ ಅದರ ಬಹುಭಾಗ ವ್ಯರ್ಥ. ಮೊದಲ ದಿನ ಆಟಗಾರನಿಗೆ ಬೇಕಾದುದು ಚಕ್ರವರ್ತಿಯ ಮುತ್ತಜ್ಜನ ಹೆಸರಲ್ಲ. ಈ ರಾತ್ರಿ ಎಲ್ಲಿ ತಂಗಬೇಕು, ಊರಿನವರು ಯಾವುದಕ್ಕೆ ಹೆದರುತ್ತಾರೆ, ಯಾರ ಮಾತನ್ನು ನಂಬಬಹುದು ಎಂಬುದಷ್ಟೇ ಅವನಿಗೆ ಬೇಕು.

ಗೈಗ್ಯಾಕ್ಸ್ ಅವರು 1979ರಲ್ಲಿ ಪ್ರಕಟಿಸಿದ ‘ದ ವಿಲೇಜ್ ಆಫ್ ಹಾಮ್ಲೆಟ್’ ಇದಕ್ಕೆ ಒಳ್ಳೆಯ ನಿದರ್ಶನ. (ಷೇಕ್ಸ್‌ಪಿಯರನ ರಾಜಕುಮಾರನಿಗೂ ಇದಕ್ಕೂ ಸಂಬಂಧವಿಲ್ಲ, ಇಂಗ್ಲಿಷಿನಲ್ಲಿ ಆ ಮಾತಿಗೆ ಪುಟ್ಟ ಹಳ್ಳಿ ಎಂದೇ ಅರ್ಥ.) ಅದರಲ್ಲಿರುವುದು ಒಂದು ಹಳ್ಳಿ, ಸಮೀಪದಲ್ಲಿ ಕಂದಕದ ನಡುವೆ ಪಾಳುಬಿದ್ದ ಒಂದು ಕಟ್ಟಡ, ಅಷ್ಟೇ. ಆದರೆ ಕಮ್ಮಾರ, ಗಿರಣಿಯವನು, ರೈತರು ಹೀಗೆ ಮನೆಮನೆಯ ವಿವರವೂ ಅಲ್ಲಿದೆ. ಮೇಲುನೋಟಕ್ಕೆ ಸಭ್ಯರಾದ ವ್ಯಾಪಾರಿಗಳು ಒಳಗೊಳಗೆ ಶತ್ರುಪಕ್ಷದ ಗೂಢಚಾರರು! ದೂರದ ದುಷ್ಟ ದೇಗುಲವೊಂದರ ನೆರಳು ಊರಿನ ಮೇಲಿದೆ. ಆ ದೇಗುಲದ ಸಂಪೂರ್ಣ ವಿವರ ಅಚ್ಚಾದುದು 1985ರಲ್ಲಿ, ಆರು ವರ್ಷಗಳ ತರುವಾಯ. ಹಳ್ಳಿಯ ಆಟ ಅದಕ್ಕಾಗಿ ಕಾಯಬೇಕಾಗಿರಲಿಲ್ಲ.

ಸಣ್ಣ ಊರಿನ ನಿಜವಾದ ಬಲ ಬೇರೊಂದಿದೆ. ಅಲ್ಲಿ ಮಾಡಿದ್ದು ಮರೆಯಾಗುವುದಿಲ್ಲ. ಆಟಗಾರರ ಅಜಾಗರೂಕತೆಯಿಂದ ಕಮ್ಮಾರನ ಮಗನು ಗುಹೆಯಲ್ಲಿ ಸತ್ತನೆನ್ನೋಣ. ಮಹಾನಗರದಲ್ಲಾದರೆ ಅವರು ಜನಸಂದಣಿಯಲ್ಲಿ ಕರಗಿಹೋಗಬಹುದು. ಹಳ್ಳಿಯಲ್ಲಿ ಮುರಿದ ಕತ್ತಿಯನ್ನು ಹಿಡಿದು ಮರುದಿನ ಅದೇ ಕಮ್ಮಾರನ ಮುಂದೆಯೇ ನಿಲ್ಲಬೇಕು. ಆ ಕ್ಷಣದಲ್ಲಿ ಮೇಜಿನ ಸುತ್ತ ಕವಿಯುವ ಮೌನವನ್ನು ಯಾವ ನಕ್ಷೆಯೂ ತಂದುಕೊಡಲಾರದು.

ಟೋಲ್ಕಿನ್ ಅವರು 1937ರಲ್ಲಿ ‘ದ ಹಾಬಿಟ್’ ಪ್ರಕಟಿಸುವುದಕ್ಕೆ ಬಹುಕಾಲ ಮೊದಲೇ ಭಾಷೆಗಳನ್ನೂ ಪುರಾಣಗಳನ್ನೂ ಕಟ್ಟಿರಲಿಲ್ಲವೇ ಎಂದು ಕೇಳುವವರಿದ್ದಾರೆ. ಕಟ್ಟಿದ್ದರು, ನಿಜ. ಆದರೆ ಅವರು ಬರೆದುದು ಕಾದಂಬರಿ. ಓದುಗನು ಕಥಾನಾಯಕನನ್ನು ಬೇರೆ ದಾರಿಗೆ ಎಳೆದೊಯ್ಯಲಾರನು. ಆಟಗಾರನು ಮೊದಲ ಸಂಜೆಯೇ ಎಳೆದೊಯ್ಯುತ್ತಾನೆ.

ಚಿಕ್ಕದೆಂದರೆ ಬರಡೆಂದಲ್ಲ. ತೊಂದರೆಯಿಲ್ಲದ ಊರು ಬೇಸರ ತರುತ್ತದೆ; ಹೊರದಾರಿಯಿಲ್ಲದ ಊರು ಪಂಜರವಾಗುತ್ತದೆ. ಊರಿನಾಚೆಗೆ ಒಂದು ನದಿ, ಒಂದು ಕವಲುದಾರಿ, ದಾರಿಹೋಕರು ತಂದ ಎರಡು ವದಂತಿ ಇದ್ದರೆ ಆಯಿತು. ಆಟಗಾರರು ಎಡಗಡೆಯ ದಾರಿಯನ್ನು ಹಿಡಿದರೆ, ಆ ದಾರಿಯ ಮುಂದಿನ ಊರನ್ನು ಬರೆಯಲು ಸೂತ್ರಧಾರನಿಗೆ ಇನ್ನೂ ಒಂದು ವಾರ ಸಮಯವಿರುತ್ತದೆ.